ಸಾಹಿತ್ಯಕ್ಕೆ ಸ್ಪಂದಿಸಿ ಬರೆಯುವುದು: ಸೋರುವ ಮಾಳಿಗೆಯಿಂದ ಕಲಿತ ಪಾಠ

ಅಭ್ಯಾಸ ಬೋಧನೆಯ ಅವಧಿಯಲ್ಲಿ ಶಿಗ್ಗಾವಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಯ ಪಾಠ ನೋಡಲು ಕುಳಿತಿದ್ದೆ. ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಶಿಶುನಾಳ ಶರೀಫರ ಸೋರುವ ಮಾಳಿಗೆಯ ಪದವನ್ನು ಪೂರಕ ಪಾಠವಾಗಿ ತೆಗೆದುಕೊಂಡಿದ್ದರು. ರಾಗವಾಗಿ ಹಾಡಿದರು, ಕಠಿಣ ಪದಗಳ ಅರ್ಥ ಬರೆಸಿದರು. "ಮನೆ ಎಂದರೆ ದೇಹ, ಸೋರುವುದು ಎಂದರೆ ಅಜ್ಞಾನ" ಎಂದು ಕಪ್ಪುಹಲಗೆಯ ಮೇಲೆ ಬರೆದರು. ಕೊನೆಗೆ, "ಈ ಪದದ ಬಗ್ಗೆ ನಿಮ್ಮ ಅನಿಸಿಕೆಯನ್ನು ಹತ್ತು ಸಾಲುಗಳಲ್ಲಿ ಬರೆಯಿರಿ" ಎಂದರು.

ಸಂಜೆ ಉತ್ತರಗಳ ಕಟ್ಟು ನೋಡಿದೆ. ಹೆಚ್ಚುಕಡಿಮೆ ಎಲ್ಲರೂ ಕಪ್ಪುಹಲಗೆಯ ಮಾತನ್ನೇ ಬರೆದು, "ಈ ಪದ ನನಗೆ ತುಂಬಾ ಇಷ್ಟವಾಯಿತು" ಎಂದು ಮುಗಿಸಿದ್ದರು. ಅವರಿಗೆ ಏಳು, ಎಂಟು ಅಂಕ ಬಂದಿತ್ತು. ಒಬ್ಬ ಹುಡುಗ ಮಾತ್ರ ಹೀಗೆ ಬರೆದಿದ್ದ: "ನಮ್ಮ ಮನೀನೂ ಸೋರತೈತಿ. ಮಳಿ ಬಂದ್ರ ಅವ್ವ ಬೋಗಾಣಿ, ಕೊಡ ಎಲ್ಲಾ ಇಡತಾಳ. ಅಪ್ಪ ರಾತ್ರ್ಯಾಗ ಮ್ಯಾಲೇರಿ ತಾಡಪತ್ರಿ ಹಾಕ್ತಾನ. ನಮ್ಮ ಮನಿ ಅಜ್ಞಾನದಿಂದ ಸೋರೂದಿಲ್ಲ. ರೊಕ್ಕ ಇಲ್ಲಂತ ಸೋರತೈತಿ." ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ವಿಷಯಾಂತರ. ಗ್ರಾಂಥಿಕ ಭಾಷೆ ಬಳಸು" ಎಂದಿತ್ತು. ಹತ್ತಕ್ಕೆ ಮೂರು ಅಂಕ.

ತಪ್ಪು ಪ್ರಶಿಕ್ಷಣಾರ್ಥಿ ಒಬ್ಬರದೇ ಅಲ್ಲ. ನನ್ನ ಅವಲೋಕನ ಪಟ್ಟಿಯಲ್ಲಿಯೂ ಧ್ವನಿಯ ಏರಿಳಿತ, ಹಲಗೆ ಬರವಣಿಗೆ, ಸಮಯ ಪಾಲನೆ ಇವುಗಳಿಗೆಲ್ಲ ಕಲಮುಗಳಿದ್ದವು. ಮಗು ಕವಿತೆಯೊಂದಿಗೆ ಮಾತಾಡಿತೇ ಎಂದು ಕೇಳುವ ಕಲಮು ಇರಲಿಲ್ಲ. ಆ ತರಗತಿಯಲ್ಲಿ ಶರೀಫರೊಂದಿಗೆ ನಿಜವಾಗಿ ಮಾತಾಡಿದವನು ಆ ಹುಡುಗ ಒಬ್ಬನೇ. ಅವನ ಬರಹ ಪೂರ್ತಿಯಾಗಿರಲಿಲ್ಲ, ನಿಜ. ಆದರೆ ಸ್ಪಂದನ ಪ್ರಬಂಧ ಶುರುವಾಗುವುದೇ ಅಲ್ಲಿಂದ.

ಸಾರಾಂಶವಲ್ಲ, ಹೊಗಳಿಕೆಯೂ ಅಲ್ಲ

ಸಾರಾಂಶ ಬರೆಯುವಾಗ "ಕೃತಿ ಏನು ಹೇಳುತ್ತದೆ?" ಎಂದು ಕೇಳಿಕೊಳ್ಳುತ್ತೇವೆ. ವಿಮರ್ಶೆ ಬರೆಯುವಾಗ "ಕೃತಿ ಹೇಗಿದೆ?" ಎಂದು ಕೇಳಿಕೊಳ್ಳುತ್ತೇವೆ. ಸ್ಪಂದನ ಪ್ರಬಂಧದ ಪ್ರಶ್ನೆ ಬೇರೆ: "ಇದನ್ನು ಓದುವಾಗ ನನ್ನಲ್ಲಿ ಏನಾಯಿತು? ಕೃತಿಯ ಯಾವ ಮಾತಿನಿಂದ ಹಾಗಾಯಿತು?" ಎರಡನೆಯ ಭಾಗವನ್ನು ಬಿಟ್ಟರೆ ಅದು ಬರಿ ಆತ್ಮಕಥೆ. ಮೊದಲನೆಯ ಭಾಗವನ್ನು ಬಿಟ್ಟರೆ ಅದು ಗೈಡಿನ ನಕಲು.

ಈ ಎರಡು ಅಪಾಯಗಳನ್ನೂ ಹಿಂದಿನವರು ಗುರುತಿಸಿದ್ದಾರೆ. ಕೇಂಬ್ರಿಜ್‌ನಲ್ಲಿ ಐ. ಎ. ರಿಚರ್ಡ್ಸ್ ಅವರು ಕವಿಯ ಹೆಸರು ಹೇಳದೆ ವಿದ್ಯಾರ್ಥಿಗಳಿಗೆ ಕವಿತೆಗಳನ್ನು ಕೊಟ್ಟು ಅನಿಸಿಕೆ ಬರೆಸಿ, 1929ರಲ್ಲಿ 'ಪ್ರಾಕ್ಟಿಕಲ್ ಕ್ರಿಟಿಸಿಸಂ' ಗ್ರಂಥ ಪ್ರಕಟಿಸಿದರು. ಮೊದಲೇ ಸಿದ್ಧವಾಗಿದ್ದ ಭಾವನೆಯನ್ನು ಕವಿತೆಯ ಮೇಲೆ ಹೇರುವುದು, ಕವಿತೆಗೆ ಸಂಬಂಧವಿಲ್ಲದ ಸ್ವಂತ ನೆನಪಿನಲ್ಲಿ ಕಳೆದುಹೋಗುವುದು, ಇವೆರಡೂ ಓದನ್ನು ಕೆಡಿಸುತ್ತವೆ ಎಂದು ಅವರು ತೋರಿಸಿದರು. ಅಮೆರಿಕದ ಲೂಯಿಸ್ ರೋಸೆನ್‌ಬ್ಲಾಟ್ ಅವರು 1938ರ 'ಲಿಟರೇಚರ್ ಆ್ಯಸ್ ಎಕ್ಸ್‌ಪ್ಲೊರೇಶನ್' ಗ್ರಂಥದಲ್ಲಿ ಇನ್ನೊಂದು ಮಗ್ಗುಲನ್ನು ಎತ್ತಿಹಿಡಿದರು: ಓದುಗನ ಬದುಕು ಸೇರದೆ ಕೃತಿಯ ಓದು ಪೂರ್ತಿಯಾಗದು. ನಮ್ಮ ಕಾವ್ಯಮೀಮಾಂಸೆಯಲ್ಲಿರುವ 'ಸಹೃದಯ' ಎಂಬ ಮಾತು ಈ ಎರಡನ್ನೂ ಒಳಗೊಂಡಿದೆ. ಸಹೃದಯನಿಗೆ ತನ್ನದೇ ಹೃದಯ ಇರಬೇಕು; ಅದು ಕೃತಿಯ ಜೊತೆಗೂ ಇರಬೇಕು.

ಮತ್ತೆ ಪದದ ಕಡೆಗೆ

ಮರುದಿನ ಆ ಪ್ರಶಿಕ್ಷಣಾರ್ಥಿಯೊಂದಿಗೆ ಕುಳಿತು ಮಾತಾಡಿದೆ. ಹುಡುಗನಿಗೆ ಉತ್ತರ ಹೇಳಿಕೊಡುವುದು ಬೇಡ, ಒಂದೇ ಒಂದು ಪ್ರಶ್ನೆ ಕೇಳೋಣ ಎಂದು ತೀರ್ಮಾನಿಸಿದೆವು. ಅವರು ಅವನನ್ನು ಕರೆದು, "ನಿಮ್ಮಪ್ಪ ಮೇಲೇರಿ ತಾಡಪತ್ರಿ ಹಾಕ್ತಾರ. ಪದದಾಗಿನವ ಏನ ಮಾಡ್ತಾನ? ಇನ್ನೊಮ್ಮೆ ಓದಿ ನೋಡು" ಎಂದರು.

ಆ ಪದದಲ್ಲಿ ಮನೆಯ ವಿವರಗಳು ಬಹಳ ಖಚಿತವಾಗಿವೆ. ಮುರಿದ ತೊಲೆ, ಹುಳುಕು ಹಿಡಿದ ಜಂತಿ, ಮುತ್ತಿದ ಇರುವೆ, ನೀರಿಗೆ ಕರಗುವ ಮಣ್ಣು ಎಲ್ಲ ಇವೆ. ರಿಪೇರಿ ಮಾಡುವವರಿಲ್ಲ ಎಂದು ಹೇಳುವವನು ಕತ್ತಲೆಯಲ್ಲಿ ತಾನು ಮೇಲೇರಲಾರೆ ಎನ್ನುತ್ತಾನೆ. ಹುಡುಗ ಓದಿ ಬಂದು ಎರಡನೆಯ ಕರಡಿನಲ್ಲಿ ಹೀಗೆ ಸೇರಿಸಿದ್ದ: "ಅಪ್ಪ ಏರತಾನ, ಪದದಾಗಿನವ ಏರೂದಿಲ್ಲ. ಅಂವಗ ಕತ್ತಲಿ ಐತಿ. ಅಪ್ಪನ ಕೈಯಾಗ ಬ್ಯಾಟರಿ ಇರತೈತಿ. ಅಂವನ ಕತ್ತಲಿ ಬ್ಯಾಟರಿ ಹಿಡದ್ರ ಹೋಗೂ ಕತ್ತಲಿ ಅಲ್ಲ ಅನಸ್ತೈತಿ."

"ಮನೆ ಎಂದರೆ ದೇಹ" ಎಂದು ಹಲಗೆಯ ಮೇಲೆ ಬರೆದುಕೊಟ್ಟಾಗ ಯಾರಿಗೂ ತಲುಪದ ಅರ್ಥದ ಬಾಗಿಲಿಗೆ ಅವನು ತಾನೇ ಬಂದು ನಿಂತಿದ್ದ. ಅದಕ್ಕೆ ದಾರಿಯಾದದ್ದು ಅವನ ಮನೆಯ ಸೋರುವಿಕೆ. ನಾವು ವಿಷಯಾಂತರ ಎಂದು ಹೊಡೆದುಹಾಕಿದ್ದು ಅದನ್ನೇ. 'ರೊಕ್ಕ ಇಲ್ಲಂತ' ಎಂಬ ತಕರಾರನ್ನು ಅವನು ಬಿಡಲಿಲ್ಲ, ಬಿಡಬೇಕಾಗಿಯೂ ಇಲ್ಲ. ಕವಿಯೊಂದಿಗೆ ಒಪ್ಪದಿರುವುದೂ ಸ್ಪಂದನವೇ, ಒಪ್ಪದ ಮಾತು ಯಾವುದೆಂದು ಕೃತಿಯಲ್ಲಿ ತೋರಿಸಿದರೆ ಸಾಕು. ಶರೀಫರು (1819–1889) ಸ್ವತಃ ಕೆಲಕಾಲ ಶಾಲಾ ಶಿಕ್ಷಕರಾಗಿದ್ದವರು. ಮನೆಯ ಮಾಳಿಗೆಯಿಂದ ತತ್ತ್ವಕ್ಕೆ ಹೋಗುವ ದಾರಿಯನ್ನೇ ಅವರು ಹಿಡಿದರು. ನಾವು ಮಾತ್ರ ಮಾಳಿಗೆಯನ್ನು ಬಿಟ್ಟು ನೇರ ತತ್ತ್ವವನ್ನು ಬರೆಸುತ್ತಿದ್ದೇವೆ.

ತರಗತಿಯಲ್ಲಿ ನಾಲ್ಕು ಹೆಜ್ಜೆಗಳು

1. ಅರ್ಥ ಹೇಳುವ ಮೊದಲು ಓದು. ಕೃತಿಯನ್ನು ಎರಡು ಸಲ ಓದಿಸಿ, ಮನಸ್ಸು ತಡೆದು ನಿಂತ ಒಂದು ಮಾತಿಗೆ ಗೆರೆ ಎಳೆಯಲು ಹೇಳಿ. ಇಷ್ಟವಾದದ್ದೇ ಆಗಬೇಕಿಲ್ಲ. ಅರ್ಥವಾಗದ್ದು, ಸಿಟ್ಟು ತರಿಸಿದ್ದು ಕೂಡ ಆಗಬಹುದು.

2. ನೆನಪಿನ ಬರಹ. ಐದು ನಿಮಿಷ, ಮನೆಯ ಮಾತಿನಲ್ಲಿ. ಈ ಹಂತದಲ್ಲಿ ಕಾಗುಣಿತ ತಿದ್ದಬೇಡಿ. ಗ್ರಾಂಥಿಕ ಭಾಷೆ ಬೇಕಾದರೆ ಕೊನೆಯ ಕರಡಿನಲ್ಲಿ ಬರಲಿ; ಆಗಲೂ ಮಗು ಬೇಕೆಂದೇ ಉಳಿಸಿಕೊಂಡ ಆಡುಮಾತು ಇರಲಿ.

3. ಕೃತಿಗೆ ಮರಳುವ ಪ್ರಶ್ನೆ. "ನಿನ್ನ ಅನುಭವಕ್ಕೂ ಕೃತಿಯಲ್ಲಿರುವುದಕ್ಕೂ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ?" ಎಂದು ಕೇಳಿ. ಹೊಂದದ ಜಾಗದಲ್ಲಿಯೇ ಹೊಸ ಯೋಚನೆ ಹುಟ್ಟುತ್ತದೆ.

4. ಎರಡನೆಯ ಕರಡು. ಮೊದಲ ಓದಿನಲ್ಲಿ ಏನು ಅನಿಸಿತ್ತು, ಈಗ ಏನು ಅನಿಸುತ್ತದೆ ಎಂಬುದು ಅದರಲ್ಲಿ ಬರಬೇಕು. ಅಭಿಪ್ರಾಯ ಬದಲಾಗದಿದ್ದರೆ ಏಕೆ ಬದಲಾಗಲಿಲ್ಲ ಎಂದು ಹೇಳಲಿ.

ಇದಕ್ಕೆ ಎರಡು ಅವಧಿ ಬೇಕು. ಪಾಠಯೋಜನೆಯಲ್ಲಿ ಮೊದಲೇ ಅಷ್ಟು ಜಾಗ ಇಟ್ಟುಕೊಳ್ಳಿ.

ಊರಿನ ಕವಿ ಬಾಗಿಲು ಮಾತ್ರ

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಇಂಥ ಪಾಠಕ್ಕೆ ಸಾಮಗ್ರಿಯ ಕೊರತೆಯಿಲ್ಲ. ಶರೀಫರಂತೆ ಕನಕದಾಸರೂ ಶಿಗ್ಗಾವಿ ತಾಲ್ಲೂಕಿನವರು. ಅವರು ಹುಟ್ಟಿದ್ದು ಬಾಡದಲ್ಲಿ. ಅವರ 'ರಾಮಧಾನ್ಯ ಚರಿತೆ'ಯಲ್ಲಿ ಭತ್ತ ಮತ್ತು ರಾಗಿ ಜಗಳಕ್ಕೆ ನಿಲ್ಲುತ್ತವೆ; ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ; ಕೊನೆಗೆ ರಾಗಿ ಗೆಲ್ಲುತ್ತದೆ. ಭತ್ತ ಬೆಳೆಯುವ ಹಾನಗಲ್ಲಿನ ಮಗು ಇದನ್ನು ಓದಿದಾಗ ಯಾರ ಪಕ್ಷ ಹಿಡಿಯುತ್ತದೆ? ಮನೆಯಲ್ಲಿ ದಿನಾ ಜೋಳದ ರೊಟ್ಟಿ ತಿನ್ನುವ ಮಗು ಏನು ಹೇಳುತ್ತದೆ? ಹಾನಗಲ್ಲನ್ನು ವಿರಾಟನಗರಿ ಎನ್ನುವ ಐತಿಹ್ಯವಿದೆ. ಅಲ್ಲಿನ ಮಕ್ಕಳು ಕುಮಾರವ್ಯಾಸನ ವಿರಾಟಪರ್ವದ ಭಾಗವನ್ನು ಬೇರೆ ಕಿವಿಯಿಂದ ಕೇಳಬಹುದು. ಹಿರೇಕೆರೂರು ಸೀಮೆಯಲ್ಲಿ ಸರ್ವಜ್ಞನ ತ್ರಿಪದಿಗಳು ಇಂದಿಗೂ ಹಿರಿಯರ ಬಾಯಲ್ಲಿವೆ. ಅಜ್ಜ ಬುದ್ಧಿ ಹೇಳಲು ಬಳಸಿದ ತ್ರಿಪದಿ ಮೊಮ್ಮಗಳಿಗೆ ಸರಿಯೆನಿಸಿತೇ ಎಂಬುದು ಒಳ್ಳೆಯ ವಿಷಯ.

ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ. ಕೃ. ಗೋಕಾಕರು 'ಸಮುದ್ರ ಗೀತೆಗಳು' ಬರೆದರು. ಸವಣೂರಿನಿಂದ ಸಮುದ್ರ ಬಹಳ ದೂರ. ಸಮುದ್ರವನ್ನೇ ನೋಡದ ಮಗು ಆ ಕವಿತೆಗಳನ್ನು ಓದಿ ಏನು ಕಲ್ಪಿಸಿಕೊಂಡಿತು, ಎಲ್ಲಿ ಕಲ್ಪನೆಗೆ ಸಿಗಲಿಲ್ಲ ಎಂದು ಬರೆದರೆ ಅದೂ ಪ್ರಾಮಾಣಿಕ ಸ್ಪಂದನವೇ. ಅನುಭವ ಇಲ್ಲದ್ದಕ್ಕೆ ಇದ್ದಂತೆ ಬರೆಯುವುದನ್ನು ನಾವು ಕಲಿಸಬಾರದು.

ಒಂದು ಎಚ್ಚರಿಕೆ: "ಇವರು ನಮ್ಮ ತಾಲ್ಲೂಕಿನವರು, ನಮಗೆ ಹೆಮ್ಮೆ" ಎಂಬುದು ಅಭಿಮಾನ. ಸ್ಪಂದನ ಅದರ ಮುಂದಿನದು.

ಅಂಕ ಹೇಗೆ ಕೊಡುವುದು?

"ಅನಿಸಿಕೆಗೆ ಅಂಕ ಕೊಡುವುದು ಹೇಗೆ?" ಎಂಬ ಪ್ರಶ್ನೆ ನ್ಯಾಯವಾದದ್ದು. ಅನಿಸಿಕೆಗೆ ಅಂಕವಿಲ್ಲ, ಅನಿಸಿಕೆಯಿಂದ ಕೃತಿಗೆ ಹೋಗಿ ಬಂದದ್ದಕ್ಕೆ ಅಂಕ. ಹತ್ತು ಅಂಕಗಳನ್ನು ನಾವು ಹೀಗೆ ಹಂಚಿ ನೋಡುತ್ತಿದ್ದೇವೆ: ಕೃತಿಯ ಒಂದು ಖಚಿತ ಮಾತು ಅಥವಾ ಸಂದರ್ಭ ಹಿಡಿದುಕೊಂಡದ್ದಕ್ಕೆ 2, ಸ್ವಂತ ಅನುಭವ ಅಥವಾ ಯೋಚನೆಯನ್ನು ವಿವರವಾಗಿ ಹೇಳಿದ್ದಕ್ಕೆ 2, ಎರಡರ ಹೋಲಿಕೆ ಮತ್ತು ವ್ಯತ್ಯಾಸ ನೋಡಿದ್ದಕ್ಕೆ 4, ಓದುವವರಿಗೆ ತಿಳಿಯುವಂತೆ ಬರೆದದ್ದಕ್ಕೆ 2. ಈ ಲೆಕ್ಕದಲ್ಲಿ "ತುಂಬಾ ಇಷ್ಟವಾಯಿತು" ಎಂಬ ಮಾತಿಗೆ ಅಂಕವಿಲ್ಲ. ಆ ಹುಡುಗನ ಮೊದಲ ಕರಡಿಗೆ ಐದು, ಎರಡನೆಯದಕ್ಕೆ ಒಂಬತ್ತು ಬಂತು.

ಇನ್ನೊಂದು ಮಾತು. ಸ್ಪಂದನ ಬರಹದಲ್ಲಿ ಮಕ್ಕಳು ಮನೆಯ ಬಡತನ, ಜಗಳ, ಸಾವು ಬರೆಯಬಹುದು. ಅವರನ್ನು ಕೇಳದೆ ಅದನ್ನು ತರಗತಿಯಲ್ಲಿ ಓದಿ ತೋರಿಸಬೇಡಿ. ಇಂಥದ್ದೇ ಬರೆಯಬೇಕೆಂದು ಒತ್ತಾಯಿಸಲೂಬೇಡಿ. ನಂಬಿ ಬರೆದ ಮಗುವಿನ ಮಾತನ್ನು ಶಿಕ್ಷಕರ ಕೋಣೆಯ ಹರಟೆಗೆ ತಂದರೆ ಆ ಮಗು ಮತ್ತೆ ಗೈಡನ್ನೇ ಬರೆಯುತ್ತದೆ.

ಮೊದಲು ನಾವು ಬರೆಯೋಣ

2014ರ ಎನ್‌ಸಿಟಿಇ ಚೌಕಟ್ಟಿನ ಎರಡು ವರ್ಷಗಳ ಬಿ.ಇಡಿ. ಶಿಕ್ಷಣದಲ್ಲಿ ಪಠ್ಯಗಳನ್ನು ಓದಿ ಚಿಂತಿಸುವ ಪ್ರತ್ಯೇಕ ಪತ್ರಿಕೆಯೇ ಇದೆ. ಅದರ ದಾಖಲೆ ಪುಸ್ತಕಗಳಲ್ಲಿಯೂ ಹಿಂದಿನ ವರ್ಷದ ನಕಲು ಕಾಣಿಸುತ್ತದೆ ಎಂಬುದು ನಮಗೆಲ್ಲ ಗೊತ್ತು. ತಾವೇ ಒಮ್ಮೆಯೂ ಹೀಗೆ ಬರೆಯದ ಶಿಕ್ಷಕರು ಮಗುವಿನ ಬರಹದಲ್ಲಿ ಇದನ್ನು ಗುರುತಿಸುವುದು ಕಷ್ಟ. ಆದ್ದರಿಂದ ಪ್ರಶಿಕ್ಷಣಾರ್ಥಿಗಳು ಪಾಠಕ್ಕೆ ಆರಿಸಿಕೊಂಡ ಕೃತಿಗೆ ಮೊದಲು ತಮ್ಮ ಸ್ಪಂದನವನ್ನು ಒಂದು ಪುಟ ಬರೆದು ಪಾಠಯೋಜನೆಯೊಂದಿಗೆ ಲಗತ್ತಿಸಲಿ. ಮಾರ್ಗದರ್ಶಕರಾದ ನಾವೂ ಬರೆಯೋಣ. ನಮ್ಮ ಅವಲೋಕನ ಪಟ್ಟಿಗೆ ಈಗ ಒಂದು ಕಲಮು ಸೇರಿದೆ: "ಕೃತಿಯ ಬಗ್ಗೆ ಶಿಕ್ಷಕರು ಹೇಳದ ಒಂದು ಮಾತನ್ನಾದರೂ ಮಗು ಹೇಳಿತೇ?"