ಗಿಟ್ ಪ್ರವೇಶ ದೋಷಗಳ ನಿವಾರಣೆ

ಗಿಟ್ ಪ್ರವೇಶ ದೋಷ ಎಂದರೆ ತಂತ್ರಾಂಶ ಅಭಿವೃದ್ಧಿಯಲ್ಲಿ ತೊಡಗಿರುವವರಿಗೆ ದೂರದ ಸರ್ವರ್‌ನಲ್ಲಿರುವ ಕೋಡ್ ಭಂಡಾರವನ್ನು ಪಡೆಯಲು ಅಥವಾ ಅದಕ್ಕೆ ತಮ್ಮ ಬದಲಾವಣೆಗಳನ್ನು ಕಳುಹಿಸಲು ಸಾಧ್ಯವಾಗದಿರುವ ಸ್ಥಿತಿ. ಸರ್ವರ್‌ವರೆಗೆ ಸಂಪರ್ಕ ತಲುಪದಿರುವುದು, ಬಳಕೆದಾರರ ಗುರುತು ದೃಢಪಡದಿರುವುದು, ಗುರುತು ದೃಢಪಟ್ಟರೂ ಅನುಮತಿ ಇಲ್ಲದಿರುವುದು ಇದರ ಮೂರು ಮುಖ್ಯ ಕಾರಣಗಳು. ಇವುಗಳ ಪರಿಹಾರಗಳು ಬೇರೆ ಬೇರೆಯಾದುದರಿಂದ ದೋಷವು ಯಾವ ಹಂತದ್ದೆಂದು ಮೊದಲು ಗುರುತಿಸಬೇಕಾಗುತ್ತದೆ.

ಹಿನ್ನೆಲೆ

ಗಿಟ್ ಒಂದು ಆವೃತ್ತಿ ನಿಯಂತ್ರಣ ವ್ಯವಸ್ಥೆ. ಲಿನಕ್ಸ್ ಕರ್ನಲ್‌ನ ಅಭಿವೃದ್ಧಿಗೆ ಬಳಸುತ್ತಿದ್ದ ಬಿಟ್‌ಕೀಪರ್ ತಂತ್ರಾಂಶದ ಉಚಿತ ಬಳಕೆ ಕೊನೆಗೊಂಡಾಗ, ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಇದನ್ನು ರೂಪಿಸಿದರು. ಇದು ವಿತರಿತ ವ್ಯವಸ್ಥೆಯಾಗಿದ್ದು, ಸಾಮಾನ್ಯವಾಗಿ ಭಂಡಾರದ ಪ್ರತಿಯೊಂದು ನಕಲಿನಲ್ಲಿಯೂ ಕಡತಗಳ ಪೂರ್ಣ ಇತಿಹಾಸವಿರುತ್ತದೆ. ಆದ್ದರಿಂದ ಸರ್ವರ್‌ಗೆ ಪ್ರವೇಶ ದೊರೆಯದಿದ್ದರೂ ಸ್ಥಳೀಯ ಗಣಕದಲ್ಲಿ ಕಮಿಟ್ ಮಾಡಿದ ಕೆಲಸ ನಷ್ಟವಾಗುವುದಿಲ್ಲ.

ಬೆಳಗಾವಿ ಜಿಲ್ಲೆಯಲ್ಲಿ ಕಲಿಕೆ

ಬೆಳಗಾವಿಯಲ್ಲಿ ಕೇಂದ್ರ ಕಚೇರಿಯುಳ್ಳ, 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ತನ್ನ 2022ರ ಪಠ್ಯಕ್ರಮದಲ್ಲಿ ಗಿಟ್ ಮೂಲಕ ಯೋಜನಾ ನಿರ್ವಹಣೆಯನ್ನು ಮೂರನೆಯ ಸೆಮಿಸ್ಟರ್‌ನ ಪ್ರಾಯೋಗಿಕ ವಿಷಯಗಳಲ್ಲಿ ಒಂದಾಗಿ ಸೇರಿಸಿದೆ. ಚಿಕ್ಕೋಡಿಯ ಕೆ.ಎಲ್.ಇ. ಕಾಲೇಜ್ ಆಫ್ ಇಂಜಿನಿಯರಿಂಗ್ ಅಂಡ್ ಟೆಕ್ನಾಲಜಿ ಮತ್ತು ನಿಪ್ಪಾಣಿಯ ವಿ.ಎಸ್.ಎಂ. ಸಂಸ್ಥೆಯ ಸೋಮಶೇಖರ ಆರ್. ಕೊಠಿವಾಲೆ ತಾಂತ್ರಿಕ ವಿದ್ಯಾಲಯಗಳು ಈ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳಾಗಿವೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ವಿದ್ಯಾರ್ಥಿಗಳು ಪ್ರಯೋಗಾಲಯದ ಗಣಕದಲ್ಲಾಗಲಿ ಮನೆಯಲ್ಲಾಗಲಿ ಗಿಟ್ ಕಲಿಯುವಾಗ ಎದುರಿಸಬಹುದಾದ ದೋಷಗಳು ಉಳಿದೆಡೆಯವರು ಎದುರಿಸುವಂಥವೇ.

ದೋಷದ ಹಂತಗಳು

ಸಂಪರ್ಕ: ‘ಕನೆಕ್ಷನ್ ಟೈಮ್ಡ್ ಔಟ್’ ಎಂಬ ಸಂದೇಶ ಬಂದರೆ ಕೋರಿಕೆಯು ಸರ್ವರ್‌ಗೆ ತಲುಪಿಲ್ಲವೆಂದು ತಿಳಿಯಬಹುದು. ಈ ಹಂತದಲ್ಲಿ ಗುಪ್ತಪದ ಬದಲಿಸುವುದರಿಂದ ಪ್ರಯೋಜನವಿಲ್ಲ. ಎಸ್‌ಎಸ್‌ಎಚ್ ವಿಧಾನವು ಸಾಮಾನ್ಯವಾಗಿ 22ನೆಯ ಪೋರ್ಟ್ ಅನ್ನೂ, ಎಚ್‌ಟಿಟಿಪಿಎಸ್ ವಿಧಾನವು 443ನೆಯ ಪೋರ್ಟ್ ಅನ್ನೂ ಬಳಸುತ್ತವೆ. ಸಂಸ್ಥೆಯ ಫೈರ್‌ವಾಲ್ ಮೊದಲನೆಯದನ್ನು ತಡೆದಿದ್ದರೆ ಎರಡನೆಯ ವಿಧಾನಕ್ಕೆ ಬದಲಾಯಿಸಿಕೊಳ್ಳಬಹುದು. ಗಣಕದ ದಿನಾಂಕ ತಪ್ಪಾಗಿದ್ದರೂ ಸರ್ವರ್‌ನ ಪ್ರಮಾಣಪತ್ರವು ಅಮಾನ್ಯವೆಂದು ತೋರಿ ಸಂಪರ್ಕ ಮುರಿಯುತ್ತದೆ.

ಗುರುತು: ಗಿಟ್‌ಹಬ್ 2021ರ ಆಗಸ್ಟ್ 13ರಿಂದ ಗಿಟ್ ಕಾರ್ಯಗಳಿಗೆ ಖಾತೆಯ ಗುಪ್ತಪದವನ್ನು ಸ್ವೀಕರಿಸುವುದಿಲ್ಲ. ಅದರ ಬದಲು ಟೋಕನ್ ಅಥವಾ ಎಸ್‌ಎಸ್‌ಎಚ್ ಕೀಲಿ ಬೇಕು. ಹಳೆಯ ಪಾಠಗಳನ್ನು ಅನುಸರಿಸುವವರು ಇಲ್ಲಿಯೇ ಎಡವುತ್ತಾರೆ. ಎಸ್‌ಎಸ್‌ಎಚ್ ಬಳಕೆಯಲ್ಲಿ ‘ಪರ್ಮಿಷನ್ ಡಿನೈಡ್’ ಎಂಬುದರೊಂದಿಗೆ ಪಬ್ಲಿಕ್ ಕೀ ಎಂಬ ಉಲ್ಲೇಖವಿದ್ದರೆ, ಸಾರ್ವಜನಿಕ ಕೀಲಿಯನ್ನು ಖಾತೆಗೆ ಸೇರಿಸಲಾಗಿದೆಯೇ ಎಂದು ನೋಡಬೇಕು.

ಅನುಮತಿ: ‘ರೆಪಾಸಿಟರಿ ನಾಟ್ ಫೌಂಡ್’ ಎಂದು ಬಂದ ಮಾತ್ರಕ್ಕೆ ಭಂಡಾರವು ಅಳಿದುಹೋಗಿದೆ ಎಂದು ಅರ್ಥವಲ್ಲ. ವಿಳಾಸ ತಪ್ಪಿರಬಹುದು. ಖಾಸಗಿ ಭಂಡಾರದ ಅಸ್ತಿತ್ವವನ್ನೇ ಅನ್ಯರಿಗೆ ತಿಳಿಸದಿರಲೆಂದು ಗಿಟ್‌ಹಬ್ ಅನುಮತಿ ಇಲ್ಲದವರಿಗೂ ಇದೇ ಉತ್ತರವನ್ನು ನೀಡುತ್ತದೆ. ‘ಗಿಟ್ ರಿಮೋಟ್ -ವಿ’ ಆದೇಶದಿಂದ ವಿಳಾಸವನ್ನು ಪರಿಶೀಲಿಸಿ, ಅದು ಸರಿಯಿದ್ದರೆ ಭಂಡಾರದ ಒಡೆಯರಿಂದ ಆಹ್ವಾನ ಪಡೆಯಬೇಕು.

ಹಂಚಿಕೆಯ ಗಣಕಗಳು

ಒಂದೇ ಗಣಕವನ್ನು ಹಲವರು ಬಳಸುವ ಪ್ರಯೋಗಾಲಯಗಳಲ್ಲಿ ಹಿಂದಿನ ವಿದ್ಯಾರ್ಥಿಯ ಟೋಕನ್ ವಿಂಡೋಸ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಉಳಿದಿರಬಹುದು. ಎಚ್‌ಟಿಟಿಪಿಎಸ್ ವಿಧಾನದಲ್ಲಿ 403 ದೋಷ ಬಂದಾಗ ಯಾವ ಖಾತೆಗೆ ಅನುಮತಿ ನಿರಾಕರಿಸಲಾಯಿತು ಎಂಬುದು ಗಿಟ್‌ಹಬ್‌ನ ಸಂದೇಶದಲ್ಲಿಯೇ ಇರುತ್ತದೆ. ಅಲ್ಲಿ ಬೇರೆಯವರ ಹೆಸರಿದ್ದರೆ ಆ ದಾಖಲೆಯನ್ನು ತೆಗೆದುಹಾಕಬೇಕು. ಕಮಿಟ್‌ನಲ್ಲಿ ಕಾಣುವ ಹೆಸರು ಮತ್ತು ಇ-ಮೇಲ್ ಪ್ರತ್ಯೇಕ ಸೆಟ್ಟಿಂಗ್‌ಗಳಾಗಿದ್ದು, ಅವು ಪ್ರವೇಶವನ್ನು ನೀಡುವುದಿಲ್ಲ. ಆದರೆ ಅವನ್ನು ಬದಲಿಸದಿದ್ದರೆ ಒಬ್ಬರು ಮಾಡಿದ ಕೆಲಸವು ಮತ್ತೊಬ್ಬರ ಹೆಸರಿನಲ್ಲಿ ಶಾಶ್ವತವಾಗಿ ದಾಖಲಾಗಬಹುದು.

2022ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ 2.35.2ನೆಯ ಆವೃತ್ತಿಯಿಂದ ಗಿಟ್, ಬೇರೊಬ್ಬ ಬಳಕೆದಾರರ ಒಡೆತನದಲ್ಲಿರುವ ಫೋಲ್ಡರ್‌ನಲ್ಲಿ ಕೆಲಸ ಮಾಡಲು ನಿರಾಕರಿಸುತ್ತದೆ. ಇದು ಸುರಕ್ಷತಾ ಕ್ರಮವಾಗಿದ್ದು, ತನಗೆ ನಂಬಿಕೆಯಿರುವ ಫೋಲ್ಡರ್ ಅನ್ನು ಮಾತ್ರ ಸುರಕ್ಷಿತ ಪಟ್ಟಿಗೆ ಸೇರಿಸಿಕೊಳ್ಳಬಹುದು.

ಎಚ್ಚರಿಕೆಗಳು

ಅವಸರದ ಪರಿಹಾರಗಳು ಮೂಲ ದೋಷಕ್ಕಿಂತ ಹೆಚ್ಚಿನ ಹಾನಿ ಮಾಡಬಲ್ಲವು. ಖಾಸಗಿ ಕೀಲಿಯನ್ನು ಸ್ನೇಹಿತರಿಗೆ ಕಳುಹಿಸುವುದು, ಪ್ರಮಾಣಪತ್ರದ ಪರಿಶೀಲನೆಯನ್ನು ನಿಲ್ಲಿಸುವುದು, ಕಳುಹಿಸದ ಕಮಿಟ್‌ಗಳಿರುವ ಫೋಲ್ಡರ್ ಅನ್ನು ಅಳಿಸಿ ಮತ್ತೆ ನಕಲು ಮಾಡುವುದು ಇವುಗಳಲ್ಲಿ ಮುಖ್ಯವಾದವು. ಸರ್ವರ್‌ನ ಗುರುತು ಬದಲಾಗಿದೆ ಎಂಬ ಎಚ್ಚರಿಕೆಯನ್ನೂ ಕಡೆಗಣಿಸಬಾರದು. 2023ರ ಮಾರ್ಚ್ 24ರಂದು ಗಿಟ್‌ಹಬ್ ತನ್ನ ಆರ್‌ಎಸ್‌ಎ ಸರ್ವರ್ ಕೀಲಿಯನ್ನು ಬದಲಿಸಿದಾಗ ಅನೇಕರಿಗೆ ಇಂಥ ಎಚ್ಚರಿಕೆ ಕಾಣಿಸಿತು. ಅದರ ಖಾಸಗಿ ಕೀಲಿಯು ಸಾರ್ವಜನಿಕ ಭಂಡಾರವೊಂದರಲ್ಲಿ ಅಲ್ಪಕಾಲ ಬಹಿರಂಗವಾಗಿದ್ದುದೇ ಈ ಬದಲಾವಣೆಗೆ ಕಾರಣ. ಇಂಥ ಸಂದರ್ಭದಲ್ಲಿ ಸಂಸ್ಥೆಯ ಅಧಿಕೃತ ಪುಟದಲ್ಲಿರುವ ಬೆರಳಚ್ಚಿನೊಂದಿಗೆ ಹೋಲಿಸಿ ನೋಡಿದ ನಂತರವೇ ಹೊಸ ಕೀಲಿಯನ್ನು ಒಪ್ಪಿಕೊಳ್ಳಬೇಕು.

ಪ್ರವೇಶವಿಲ್ಲದಿರುವಾಗ ಕೆಲಸ

ಸರ್ವರ್ ಸಿಗದಿದ್ದರೂ ಸಹಯೋಗ ನಿಲ್ಲಬೇಕಾಗಿಲ್ಲ. ‘ಗಿಟ್ ಬಂಡಲ್’ ಆದೇಶವು ಕಮಿಟ್‌ಗಳನ್ನು ಇತಿಹಾಸಸಹಿತ ಒಂದೇ ಕಡತವಾಗಿ ಕಟ್ಟಿಕೊಡುತ್ತದೆ. ಉದಾಹರಣೆಗೆ, ಅಥಣಿಯಲ್ಲಿರುವ ವಿದ್ಯಾರ್ಥಿನಿ ಈ ಕಡತವನ್ನು ಪೆನ್‌ಡ್ರೈವ್‌ನಲ್ಲಿ ಕೊಟ್ಟರೆ, ಕಾಗವಾಡದ ಸಹಪಾಠಿ ಅದರಿಂದ ಬದಲಾವಣೆಗಳನ್ನು ಪಡೆದು ತನ್ನ ಕೆಲಸವನ್ನು ಮುಂದುವರಿಸಬಹುದು. ಪ್ರವೇಶ ಮರಳಿದ ನಂತರ ಇಬ್ಬರ ಕಮಿಟ್‌ಗಳನ್ನೂ ಅವರವರ ಹೆಸರಿನಲ್ಲಿಯೇ ಸರ್ವರ್‌ಗೆ ಕಳುಹಿಸಬಹುದು.