ಎಳೆಗೂಸಿನ ಉಸಿರಿನ ಲೆಕ್ಕ

2025ನೆಯ ಇಸವಿಯ ಜನವರಿ ಮೊದಲ ವಾರದ ಮಾತು. ಆ ತಿಂಗಳ 6ರಂದು ಕೇಂದ್ರ ಆರೋಗ್ಯ ಸಚಿವಾಲಯವು ಕರ್ನಾಟಕದಲ್ಲಿ ಎರಡು ಎಳೆಗೂಸುಗಳಿಗೆ ‘ಎಚ್.ಎಂ.ಪಿ.ವಿ.’ ಎಂಬ ವೈರಸ್ ತಗಲಿರುವುದಾಗಿ ಪ್ರಕಟಿಸಿತು. ಒಂದು ಮೂರು ತಿಂಗಳ ಹೆಣ್ಣುಕೂಸು, ಇನ್ನೊಂದು ಎಂಟು ತಿಂಗಳ ಗಂಡುಕೂಸು. ಎರಡೂ ಪುಪ್ಪುಸದ ಉರಿಯೂತದಿಂದಾಗಿ ಬೆಂಗಳೂರಿನ ಬ್ಯಾಪ್ಟಿಸ್ಟ್ ಆಸ್ಪತ್ರೆಯನ್ನು ಸೇರಿದ್ದವು. ಮರುದಿನ ಬೆಳಿಗ್ಗೆ ವಳಸಂಗದಲ್ಲಿ ನಮ್ಮ ಶಾಲೆಯ ಪ್ರಾರ್ಥನೆಗೆ ಮೊದಲೇ ಏಳೆಂಟು ಜನ ಪಾಲಕರು ಬಾಗಿಲಲ್ಲಿ ನಿಂತಿದ್ದರು. “ಗುರುಗಳೇ, ಮತ್ತೆ ಕರೋನಾ ಬಂತಂತೆ. ಸಾಲಿ ಮುಚ್ಚತೀರೇನು?” ಎಂದು ಅವರ ಪ್ರಶ್ನೆ.

ಅದೇ ಪ್ರಕಟಣೆಯಲ್ಲಿ ಇನ್ನೂ ಎರಡು ಮಾತುಗಳಿದ್ದವು. ಹೆಣ್ಣುಕೂಸು ಆಗಲೇ ಗುಣಹೊಂದಿ ಮನೆಗೆ ಮರಳಿತ್ತು, ಗಂಡುಕೂಸು ಚೇತರಿಸಿಕೊಳ್ಳುತ್ತಲಿತ್ತು. ಮೊಬೈಲಿನಲ್ಲಿ ಊರೂರು ತಿರುಗಿದ ಸುದ್ದಿಯಲ್ಲಿ ಈ ಭಾಗ ಮಾತ್ರ ಉದುರಿಹೋಗಿತ್ತು.

ಹೊಸ ಹೆಸರು, ಹಳೆಯ ರೋಗ

ಈ ವೈರಸ್ಸನ್ನು ನೆದರ್‌ಲ್ಯಾಂಡ್ಸ್ ದೇಶದ ವಿಜ್ಞಾನಿಗಳು 2001ರಲ್ಲಿ ಗುರುತಿಸಿದರು. ಆದರೆ ಕಾದಿರಿಸಿದ್ದ ಹಳೆಯ ರಕ್ತದ ಮಾದರಿಗಳನ್ನು ಪರೀಕ್ಷಿಸಲಾಗಿ, ಅದು ಕನಿಷ್ಠ ಐವತ್ತು ವರ್ಷಗಳಿಂದ ಮನುಷ್ಯರಲ್ಲಿ ಸುಳಿದಾಡುತ್ತಿದ್ದುದು ತಿಳಿದುಬಂದಿತು. ನಮ್ಮ ಪುಣೆಯ ಮಕ್ಕಳಲ್ಲಿಯೂ ಅದು ಇರುವುದಾಗಿ 2004ರಷ್ಟು ಹಿಂದೆಯೇ ವರದಿಯಾಗಿತ್ತು. ಇದರ ಹಿರಿಯ ಬಂಧು ‘ಆರ್.ಎಸ್.ವಿ.’ ಎಂಬ ವೈರಸ್ಸು. ಅದು 1956ರಲ್ಲಿ ಅಮೇರಿಕೆಯಲ್ಲಿ ನೆಗಡಿ ಹಿಡಿದ ಚಿಂಪಾಂಜಿಗಳಲ್ಲಿ ಮೊದಲು ಕಂಡು, ಬಳಿಕ ಮಾನವ ಶಿಶುಗಳಲ್ಲಿಯೂ ದೊರೆಯಿತು. ಎರಡು ವರ್ಷ ತುಂಬುವುದರೊಳಗಾಗಿ ಹೆಚ್ಚುಕಡಿಮೆ ಪ್ರತಿಯೊಂದು ಮಗುವೂ ಒಮ್ಮೆಯಾದರೂ ಇದಕ್ಕೆ ಈಡಾಗುತ್ತದೆ.

ದೊಡ್ಡವರಿಗೆ ಬರಿಯ ನೆಗಡಿಯಾಗುವ ಈ ರೋಗವು ಕೂಸಿಗೆ ಏಕೆ ಕುತ್ತಾಗುತ್ತದೆ? ಕಾರಣ ಸರಳವಾಗಿದೆ. ಪುಪ್ಪುಸದ ತುದಿಯಲ್ಲಿರುವ ಕಿರುನಾಳಗಳು ಶಿಶುವಿನಲ್ಲಿ ಬಲು ಸಪೂರ. ಅವುಗಳ ಒಳಪದರ ತುಸು ಬಾತು, ಕಫ ಕೂಡಿತೆಂದರೆ ಗಾಳಿಯ ಹಾದಿಯೇ ಮುಚ್ಚುತ್ತ ಬರುತ್ತದೆ. ಮೇಲಾಗಿ ಎಳೆಗೂಸು ಹೆಚ್ಚಾಗಿ ಮೂಗಿನಿಂದಲೇ ಉಸಿರಾಡುತ್ತದೆ. ಮೂಗು ಕಟ್ಟಿದರೆ ಮೊಲೆಯುಣ್ಣಲಾರದು. ಉಣ್ಣದಿದ್ದರೆ ಒಡಲಿನ ನೀರು ಬತ್ತುತ್ತದೆ. ರೋಗ ಆನೆಯಂತೆ ಬಂದು ಇರುವೆಯಂತೆ ಹೋಗುತ್ತದೆಂದು ನಮ್ಮ ಹಿರಿಯರ ಗಾದೆ. ಈ ರೋಗವಾದರೋ ಇರುವೆಯಂತೆ ಬರುತ್ತದೆ; ಮೂರನೆಯ ದಿನದಿಂದ ಐದನೆಯ ದಿನದೊಳಗೆ ಆನೆಯಾಗಿ ನಿಲ್ಲುತ್ತದೆ.

ನನ್ನ ಮನೆಯ ಪಾಠ

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. 2023ರ ಚಳಿಗಾಲದಲ್ಲಿ ನನ್ನ ನಾಲ್ಕು ತಿಂಗಳ ಮೊಮ್ಮಗನಿಗೆ ನೆಗಡಿಯಾಯಿತು. ಸೊಸೆ ಎರಡನೆಯ ದಿನವೇ “ಮಾವ, ಕೂಸು ತೇಕುತ್ತಿದೆ” ಎಂದಳು. “ಬರೀ ಶೀತ, ಇಳಿದುಹೋಗುತ್ತದೆ” ಎಂದು ಹೇಳಿದವನು ನಾನೇ. ಶಿಕ್ಷಕ ತರಬೇತಿಯಲ್ಲಿ ಆರೋಗ್ಯಶಾಸ್ತ್ರ ಓದಿದವನ ಮಾತನ್ನು ಮನೆಯವರೆಲ್ಲ ನಂಬಿದರು. ಮೂರನೆಯ ರಾತ್ರಿ ಕೂಸು ಮೊಲೆ ಬಿಟ್ಟಿತು. ಮಿರಜದ ದವಾಖಾನೆಯೊಂದಕ್ಕೆ ಒಯ್ದೆವು. ಅಲ್ಲಿಯ ದಾದಿಯು ಕೂಸಿನ ಅಂಗಿ ಎತ್ತಿ, ಗಡಿಯಾರ ನೋಡುತ್ತ ಒಂದು ನಿಮಿಷ ಸುಮ್ಮನೆ ನಿಂತಳು. “66” ಎಂದಳು. ಮೂವತ್ತು ವರ್ಷ ಮಕ್ಕಳಿಗೆ ಎಣಿಕೆ ಕಲಿಸಿದ ನನ್ನ ಕೈಯಲ್ಲಿಯೂ ಗಡಿಯಾರವಿತ್ತು. ಎಣಿಸಬೇಕೆಂಬ ಬುದ್ಧಿ ಮಾತ್ರ ಇರಲಿಲ್ಲ.

ಕೂಸಿಗೆ ಆಮ್ಲಜನಕ ಕೊಟ್ಟರು. ಮೂಗಿನ ಸಿಂಬಳವನ್ನು ತೆಗೆಯುತ್ತಿದ್ದರು. ನಳಿಕೆಯಿಂದ ತಾಯಿಯ ಹಾಲನ್ನು ಉಣಿಸಿದರು. “ಗಟ್ಟಿಯಾದ ಒಂದು ಸೂಜಿ ಹಾಕಿರಿ” ಎಂದು ನಾನು ಅಂಗಲಾಚಿದೆ. ವೈದ್ಯರು ಶಾಂತರಾಗಿ, “ಇದು ವೈರಸ್ ರೋಗ. ಬ್ಯಾಕ್ಟೀರಿಯಾ ಕೊಲ್ಲುವ ಔಷಧ ಇದರ ಮೇಲೆ ನಡೆಯದು. ಉಸಿರನ್ನೂ ಹಾಲನ್ನೂ ನಾವು ಕಾಯ್ದರೆ ಉಳಿದದ್ದನ್ನು ಕೂಸಿನ ದೇಹವೇ ಮಾಡುತ್ತದೆ” ಎಂದರು. ಆರನೆಯ ದಿನ ಕೂಸು ನಗುತ್ತ ಮನೆಗೆ ಬಂದಿತು. ಒಂದು ರಾತ್ರಿ ತಡವಾಗಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆಯಲು ಇಂದಿಗೂ ಧೈರ್ಯವಾಗದು.

ವೈದ್ಯರ ಮಾತಿಗೆ ಆಧಾರವಿದೆ. ಆಫ್ರಿಕಾ ಮತ್ತು ಏಷ್ಯಾ ಖಂಡಗಳ ಏಳು ದೇಶಗಳಲ್ಲಿ, ತೀವ್ರ ನ್ಯೂಮೋನಿಯಾದಿಂದ ಆಸ್ಪತ್ರೆ ಸೇರಿದ 4,000ಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿದ ವರದಿಯೊಂದು 2019ರಲ್ಲಿ ಪ್ರಕಟವಾಯಿತು. ಅದರಂತೆ ಶೇಕಡಾ 61ರಷ್ಟು ರೋಗಕ್ಕೆ ವೈರಸ್ಸುಗಳೇ ಕಾರಣ; ಆರ್.ಎಸ್.ವಿ. ಒಂದರ ಪಾಲೇ ಶೇಕಡಾ 31. ಹಾಗೆಂದು ಬ್ಯಾಕ್ಟೀರಿಯಾದಿಂದ ನ್ಯೂಮೋನಿಯಾ ಆಗುವುದಿಲ್ಲವೆಂದಲ್ಲ. ಆಗ ಔಷಧ ಬೇಕೇ ಬೇಕು. ಯಾವುದು ಯಾವುದೆಂದು ನಿರ್ಣಯಿಸುವುದು ವೈದ್ಯರ ಕೆಲಸ. ಉಳಿದ ಗುಳಿಗೆಗಳನ್ನು ಮನೆಯಲ್ಲಿ ಹಂಚುವುದು ನಮ್ಮ ಕೆಲಸವಲ್ಲ.

ಎಣಿಸುವ ರೀತಿ

ಕೂಸು ಮಲಗಿರುವಾಗ ಅಥವಾ ಅಳದೆ ಶಾಂತವಾಗಿರುವಾಗ ಅಂಗಿ ಎತ್ತಿ, ಎದೆ ಹೊಟ್ಟೆಗಳ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಒಂದು ಏರಿಳಿತಕ್ಕೆ ಒಂದು ಉಸಿರು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40. ಉಸಿರು ಈ ಸಂಖ್ಯೆಯನ್ನು ಮುಟ್ಟಿದರೆ ಅಥವಾ ಮೀರಿದರೆ ಅದು ಬರಿಯ ಶೀತವಲ್ಲ. ಅಂದೇ ವೈದ್ಯರಿಗೆ ತೋರಿಸಬೇಕು.

ಈ ಎಣಿಕೆಯ ಬಲವನ್ನು ನಮ್ಮ ಮಹಾರಾಷ್ಟ್ರದ ಗಡಚಿರೋಲಿಯಲ್ಲಿಯೇ ಡಾ. ಅಭಯ ಬಂಗ ಮತ್ತು ಡಾ. ರಾಣಿ ಬಂಗ ದಂಪತಿಗಳು ತೋರಿಸಿಕೊಟ್ಟರು. ಓದುಬರಹ ಬಾರದ ಸೂಲಗಿತ್ತಿಯರಿಗೂ ಎಣಿಸಲು ಬರಲೆಂದು ಅವರು ಮಣಿಗಳುಳ್ಳ ಸರಳ ಸಾಧನವೊಂದನ್ನು ಮಾಡಿಸಿದರು: ಹತ್ತು ಉಸಿರಿಗೆ ಒಂದು ಮಣಿ ಸರಿಸುವುದು; ನಿಮಿಷದ ಮರಳು ಮುಗಿಯುವ ಮೊದಲು ಕೆಂಪು ಮಣಿ ಬಂದರೆ ಅಪಾಯ. ಹಳ್ಳಿಯ ಆರೋಗ್ಯ ಕಾರ್ಯಕರ್ತರು ರೋಗವನ್ನು ಹೀಗೆ ಬೇಗನೆ ಗುರುತಿಸಿ ಔಷಧ ಕೊಟ್ಟ ಊರುಗಳಲ್ಲಿ, ನ್ಯೂಮೋನಿಯಾದಿಂದಾಗುವ ಶಿಶುಮರಣವು ನೆರೆಯ ಊರುಗಳಲ್ಲಿಯದಕ್ಕಿಂತ ಅರ್ಧಕ್ಕೂ ಕಡಿಮೆಯಾಗಿದ್ದಿತೆಂದು 1990ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಎಣಿಸುತ್ತ ಕೂಡಲಾಗದ ಲಕ್ಷಣಗಳೂ ಇವೆ. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆಯುವುದು, ನರಳುವ ಸದ್ದು, ತುಟಿ ನೀಲಿಯಾಗುವುದು, ಹಾಲು ಬಿಡುವುದು, ಕುಡಿದುದೆಲ್ಲ ವಾಂತಿಯಾಗುವುದು, ಎಚ್ಚರಿಸಿದರೂ ಏಳದಿರುವುದು, ಸೆಳೆತ ಬರುವುದು. ಇವುಗಳಲ್ಲಿ ಒಂದು ಕಂಡರೂ ಕೂಡಲೇ ಹೊರಡಬೇಕು. 108ರ ವಾಹನವು ಗಡಿಯ ಎರಡೂ ಕಡೆಗಳಲ್ಲಿ ಅದೇ ಸಂಖ್ಯೆಗೆ ಬರುತ್ತದೆ. ಕೂಸಿನ ಹೊಟ್ಟೆಗೆ ಬರೆ ಎಳೆಯುವುದು, ಮೂಗಿಗೆ ಎಣ್ಣೆ ಬಿಡುವುದು, ಹೊಗೆ ಹಾಕುವುದು ಇವು ಚಿಕಿತ್ಸೆಗಳಲ್ಲ, ಹಿಂಸೆಗಳು.

ಗಡಿನಾಡಿನ ತಾಯಿಗೆ

ನಮ್ಮ ಜತ್ತ ತಾಲೂಕಿನ ಅನೇಕ ಕುಟುಂಬಗಳು ಸುಗ್ಗಿ ಬಂತೆಂದರೆ ಕಬ್ಬು ಕಡಿಯಲು ಊರು ಬಿಡುತ್ತವೆ. ಚಳಿಯೂ ಆಗಲೇ. ಕೊಪ್ಪೆಯಲ್ಲಿ ಒಲೆಯ ಹೊಗೆ, ಕೂಸನ್ನು ಕಾಯಲು ಎಂಟು ವರ್ಷದ ಅಕ್ಕ. ಅಪರಿಚಿತ ಊರಿನ ದವಾಖಾನೆಯಲ್ಲಿ ಮಾತೆಲ್ಲ ಮರಾಠಿ. ನಾವು ‘ತೇಕು’ ಎನ್ನುವುದನ್ನು ಅಲ್ಲಿ ‘ಧಾಪ’ ಎನ್ನುತ್ತಾರೆ. ಪದ ತಿಳಿಯದ ತಾಯಿ ಸರದಿಯ ಕೊನೆಯಲ್ಲಿ ಮೂಕಳಾಗಿ ನಿಲ್ಲುತ್ತಾಳೆ. ಆದರೆ “ಕೂಸಿಗೆ ಐದು ತಿಂಗಳು, ನಿಮಿಷಕ್ಕೆ 64” ಎಂದು ಚೀಟಿಯಲ್ಲಿ ಅಂಕಿ ಬರೆದು ಮುಂದೆ ಹಿಡಿದರೆ ಯಾವ ರಾಜ್ಯದ ವೈದ್ಯರೂ ತಲೆಯೆತ್ತಿ ನೋಡುತ್ತಾರೆ. ಲೆಕ್ಕಕ್ಕೆ ಗಡಿಯಿಲ್ಲ. ಆದಕಾರಣವೇ ನಾನು ಈಗ ನಾಲ್ಕನೆಯ ಇಯತ್ತೆಯಿಂದಲೇ ಮಕ್ಕಳಿಗೆ ಉಸಿರೆಣಿಸುವುದನ್ನು ಕಲಿಸುತ್ತಿದ್ದೇನೆ. ಮೊದಲು ತಮ್ಮದು, ಆಮೇಲೆ ಮನೆಯ ತಮ್ಮ ತಂಗಿಯರದು.

ತಡೆಯುವ ಉಪಾಯಗಳು ಬಡವರಿಗೂ ಎಟಕುವಂಥವು. ಆರು ತಿಂಗಳು ಮೊಲೆಹಾಲು ಮಾತ್ರ. ಒಲೆಯ ಹೊಗೆಯಿಂದಲೂ ಬೀಡಿಯ ಹೊಗೆಯಿಂದಲೂ ಕೂಸು ದೂರ. ನೆಗಡಿಯಾದವರು ಕೈ ತೊಳೆಯದೆ ಕೂಸನ್ನು ಎತ್ತಬಾರದು, ಮುದ್ದಿಡಬಾರದು. ಸರಕಾರ ಉಚಿತವಾಗಿ ಕೊಡುವ ಲಸಿಕೆಗಳನ್ನು ತಪ್ಪಿಸಬಾರದು. ನ್ಯೂಮೊಕಾಕಸ್ ಲಸಿಕೆಯು 2017ರಿಂದ ಹಂತಹಂತವಾಗಿ ಬಂದು 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಅದು ವೈರಸ್ಸನ್ನು ತಡೆಯದಿದ್ದರೂ ಬ್ಯಾಕ್ಟೀರಿಯಾದ ನ್ಯೂಮೋನಿಯಾವನ್ನು ತಡೆಯುತ್ತದೆ. ಆರ್.ಎಸ್.ವಿ.ಯ ವಿರುದ್ಧ ಬಸುರಿಯರಿಗೆ ಕೊಡುವ ಲಸಿಕೆಯನ್ನೂ ಶಿಶುಗಳಿಗೆ ಕೊಡುವ ರಕ್ಷಕ ಚುಚ್ಚುಮದ್ದನ್ನೂ ವಿಶ್ವ ಆರೋಗ್ಯ ಸಂಸ್ಥೆಯು 2025ರಲ್ಲಿ ಶಿಫಾರಸು ಮಾಡಿದೆ. ಅವು ನಮ್ಮ ಹಳ್ಳಿಗಳ ಬಡ ತಾಯಂದಿರನ್ನೂ ಮುಟ್ಟಲೆಂದು ಹಾರೈಸೋಣ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಒಂದು ಗಡಿಯಾರ, ಒಂದು ನಿಮಿಷ. ವೈರಸ್ಸಿನ ಹೆಸರನ್ನು ಪ್ರಯೋಗಾಲಯ ಹೇಳಲಿ. ಕೂಸಿನ ಉಸಿರನ್ನು ಮನೆಯವರು ಎಣಿಸಲಿ. ಸೊಸೆಯೋ ಮಗಳೋ “ಕೂಸು ತೇಕುತ್ತಿದೆ” ಎಂದಾಗ ಹಿರಿಯರಾದ ನಾವು ಬಾಯಿ ತೆರೆಯುವ ಮೊದಲು ಎಣಿಸುವುದನ್ನು ಕಲಿತರೆ ಸಾಕು.