ಅಂಗಳಕ್ಕೆ ಲಾನೋ, ಲಾವಂಚವೋ?

ರಾಯದುರ್ಗ, ಕಣೇಕಲ್ಲು, ಮಡಕಶಿರಾ, ಯಾವ ಕಡೆ ಹೋದ್ರೂ ಹೊಸ ಮನೆ ಕಟ್ಟಿದವರಿಗೆ ಈಗ ಒಂದೇ ಆಸೆ. ಮನೆ ಮುಂದೆ ಹಸಿರು ಹುಲ್ಲು ಇರಬೇಕು. ಆಸೆ ತಪ್ಪಲ್ಲ. ಆದರೆ ನಮ್ಮದು ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆಯ ಸೀಮೆ. ಅದೂ ಬಂದ್ರೆ ಬಂತು, ಇಲ್ಲದಿದ್ರೆ ಇಲ್ಲ. ಕಣೇಕಲ್ಲು, ಬೊಮ್ಮನಹಾಳ್ ಕಡೆ ಹಗರಿಯ ಮರಳು ಗಾಳಿಗೆ ಎದ್ದು ಹೊಲಗಳ ಮೇಲೆ ಕೂತಿರೋದನ್ನ ನೋಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಮೊದಲು ನೀರಿನ ಲೆಕ್ಕ ಹಾಕೋಣ. ಇಪ್ಪತ್ತಕ್ಕೆ ಇಪ್ಪತ್ತು ಅಡಿ ಲಾನ್ ಅಂದ್ರೆ ಸುಮಾರು 37 ಚದರ ಮೀಟರ್. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ನೀರು ಕೊಟ್ಟರೆ 185 ಲೀಟರ್. 15 ಲೀಟರಿನ ಕೊಡದಲ್ಲಿ ಹೊತ್ತರೆ ದಿನಕ್ಕೆ 12 ಕೊಡ, ತಿಂಗಳಿಗೆ 360 ಕೊಡ! ಅದೇ ಬೋರಿನ ನೀರೇ ದನಕ್ಕೆ, ಅದೇ ಚೀನಿ ತೋಟಕ್ಕೆ. ಬರಗಾಲದಲ್ಲಿ ಟ್ಯಾಂಕರ್ ನೀರು ಕೊಂಡು ಚೀನಿ ಗಿಡ ಉಳಿಸಿಕೊಂಡವರು ನಮ್ಮಲ್ಲೇ ಇದ್ದಾರೆ. ಅಂಥ ಊರಲ್ಲಿ ಲಾನಿಗೆ ಪೈಪು ಹಿಡಿದು ನಿಲ್ಲೋಕೆ ನನಗಂತೂ ಮನಸ್ಸು ಬರೋದಿಲ್ಲ.

ಹಾಗಂತ ಅಂಗಳ ಬೋಳಾಗಿ ಇರಬೇಕಿಲ್ಲ. ನಾನು ಮನೆ ಮುಂದೆ ಹಾಕಿಕೊಂಡಿರೋದು ಲಾವಂಚ. ಮುಡಿವಾಳ ಅಂತಲೂ ಕರೀತಾರೆ. ತೆಲುಗಿನಲ್ಲಿ ವಟ್ಟಿವೇರು. ಬಳ್ಳಾರಿ ಪೇಟೇಲಿ ಲಾವಂಚ ಅನ್ನಿ, ಅನಂತಪುರದಲ್ಲಿ ವಟ್ಟಿವೇರು ಅನ್ನಿ, ಗ್ರಂಥಿಗೆ ಅಂಗಡಿಯವನು ಕಟ್ಟಿಕೊಡೋದು ಅದೇ ಬೇರು. ತೆಲುಗಿನಲ್ಲಿ ‘ವಟ್ಟಿ’ ಅಂದ್ರೆ ಬರೀ, ಒಣ ಅಂತ ಅರ್ಥ. ಒಣ ನೆಲದಲ್ಲೂ ಬೇರು ಹಿಡಿದು ನಿಲ್ಲೋ ಹುಲ್ಲಿಗೆ ಈ ಹೆಸರು ಒಪ್ಪುತ್ತೆ ಅಂತ ಎರಡು ಭಾಷೆಯಲ್ಲಿ ಪದ್ಯ ಕಟ್ಟೋ ನನ್ನ ಕಿವಿಗೆ ಅನಿಸ್ತದೆ.

ಇದರ ಗುಟ್ಟು ಬೇರಿನಲ್ಲಿದೆ. ಗರಿಕೆಯ ಹಾಗೆ ಇದು ಅಡ್ಡ ಹರಿಯೋದಿಲ್ಲ. ಬೇರು ನೇರ ಕೆಳಕ್ಕೆ, ಒಳ್ಳೆ ಮಣ್ಣಿದ್ರೆ 3 ಮೀಟರ್‌ವರೆಗೂ ಇಳೀತದೆ. ಮೇಲಿನ ಮಣ್ಣು ಒಣಗಿದರೂ ಕೆಳಗಿನ ತೇವ ಎಳೆದು ಬದುಕುತ್ತದೆ. ಇಳಿಜಾರಿನಲ್ಲಿ ಸಾಲಾಗಿ ನೆಟ್ಟರೆ ಮಳೆ ನೀರನ್ನು ತಡೆದು ನಿಧಾನಕ್ಕೆ ಬಿಡ್ತದೆ, ಮಣ್ಣು ಹಿಂದೆಯೇ ಉಳೀತದೆ. ಮೈಸೂರು ಸೀಮೆಯ ಗುಂಡ್ಲುಪೇಟೆ ರೈತರು ತಲೆಮಾರುಗಳಿಂದ ಹೊಲದ ಗಡಿಗೆ ಇದನ್ನೇ ನೆಟ್ಟುಕೊಂಡು ಬಂದಿದ್ದಾರೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಮಣ್ಣು ಕಾಯಲು ಲಾವಂಚ ನೆಡಿ ಅಂತ ಪ್ರಚಾರ ಮಾಡಿದಾಗ ಉದಾಹರಣೆಗೆ ತೋರಿಸಿದ್ದು ಈ ನಮ್ಮ ರೈತರ ಪದ್ಧತಿಯನ್ನೇ.

ನರ್ಸರಿಯವರು ಈಗ ‘ಫೌಂಟೇನ್ ಗ್ರಾಸ್’ ಅಂತ ಇನ್ನೊಂದು ಹುಲ್ಲು ತೋರಿಸ್ತಾರೆ. ನರಿ ಬಾಲದಂಥ ತೆನೆ, ನೋಡೋಕೆ ಚೆಂದ, ನೀರೂ ಕಡಿಮೆ ಸಾಕು. ಆದರೆ ಆಫ್ರಿಕಾ ಮೂಲದ ಈ ಹುಲ್ಲಿನ ಬೀಜ ಗಾಳಿಗೆ ಹಾರ್ತದೆ. ಹವಾಯಿ ದ್ವೀಪಗಳಲ್ಲಿ ಅಂದಕ್ಕೆಂದು ತಂದದ್ದು ಈಗ ಕಳೆಯಾಗಿ ಹಬ್ಬಿ, ಒಣಗಿದಾಗ ಬೆಂಕಿಗೂ ದಾರಿ ಮಾಡಿದೆ. ಪಾರ್ಥೇನಿಯಂ ಕಿತ್ತು ಕಿತ್ತು ಸೋತ ನಮಗೆ ಇನ್ನೊಂದು ಕಳೆ ಯಾಕೆ? ದಕ್ಷಿಣದಲ್ಲಿ ಬೇರಿಗಾಗಿ ಬೆಳೆಸೋ ಲಾವಂಚದ ತಳಿಗಳಲ್ಲಿ ಮೊಳೆಯೋ ಬೀಜ ಕಟ್ಟೋದು ತೀರ ಅಪರೂಪ. ನೆಟ್ಟಲ್ಲೇ ಇರ್ತದೆ. ಮಜ್ಜಿಗೆ ಹುಲ್ಲೂ ಒಳ್ಳೇದೇ, ಚಹಾಕ್ಕೂ ಆಗ್ತದೆ. ಆದರೆ ಅದಕ್ಕೆ ಲಾವಂಚಕ್ಕಿಂತ ನೀರು ಹೆಚ್ಚು ಬೇಕು.

ಇಷ್ಟು ಹೊಗಳಿದ ಮೇಲೆ ಇದರ ಕೊರತೆಗಳನ್ನೂ ಹೇಳಬೇಕು. ಇದು ಕೂತು ಮಾತಾಡೋ ಹುಲ್ಲಲ್ಲ. ನಾಲ್ಕೈದು ಅಡಿ ಎತ್ತರ ಬೆಳೆಯೋ ಪೊದೆ, ಗರಿಯ ಅಂಚು ಕೈಗೆ ಕೊಯ್ಯುತ್ತೆ. ಬಣ್ಣದ ಹೂವಿಲ್ಲ. ಮರದ ನೆರಳಲ್ಲಿ ಸೊರಗುತ್ತದೆ. ಕಡು ಬೇಸಿಗೆಯಲ್ಲಿ ನೀರೇ ಕೊಡದಿದ್ರೆ ಗರಿ ಕಂದು ಬಣ್ಣಕ್ಕೆ ತಿರುಗಿ, ಮಳೆ ಬಿದ್ದ ಮೇಲೆ ಮತ್ತೆ ಚಿಗುರ್ತದೆ. ವರ್ಷವಿಡೀ ಪಚ್ಚೆ ಬೇಕು ಅನ್ನೋರಿಗೆ ಇದು ಸರಿಹೋಗಲ್ಲ. ಮಕ್ಕಳು ಆಡೋ ಜಾಗ ಬಿಟ್ಟು ಕಾಂಪೌಂಡಿನ ಪಕ್ಕ, ದಾರಿಯ ಅಂಚಿಗೆ ನೆಟ್ಟರೆ ಲಕ್ಷಣ.

ನೆಡೋ ಕ್ರಮ ಸುಲಭ. ಮುಂಗಾರು ಹಿಡಿದ ಮೇಲೆ ಹಳೇ ಬುಡವನ್ನು ಸೀಳಿ, ಎರಡು ಮೂರು ತೆಂಡೆ ಒಟ್ಟಿಗೆ ಇರುವಂತೆ ಬಿಡಿಸಿ, ಮೇಲಿನ ಗರಿಯನ್ನು ಗೇಣುದ್ದಕ್ಕೆ ಕತ್ತರಿಸಿ. ಬದುವಿನ ಹಾಗೆ ಒತ್ತಾಗಿ ಬೇಕಾದ್ರೆ ನಾಲ್ಕರಿಂದ ಆರು ಅಂಗುಲಕ್ಕೊಂದು, ಅಂದಕ್ಕೆ ಬಿಡಿ ಪೊದೆಯಾಗಿ ಬೇಕಾದ್ರೆ ಮೂರು ಅಡಿಗೊಂದು. ಮೊದಲ ಎರಡು ಮೂರು ತಿಂಗಳು ಮಾತ್ರ ಮಳೆ ಕೈಕೊಟ್ಟರೆ ನೀರು ತಪ್ಪಿಸಬಾರದು. ಬರ ತಡೆಯೋ ಗಿಡ ಅಂದ್ರೂ ಬೇರು ಇಳಿಯೋ ತನಕ ಅದೂ ಕೂಸೇ. ಆಮೇಲೆ ಪಾತ್ರೆ ತೊಳೆದ ನೀರು ಹರಿಸಿದರೂ ಸಾಕು. ಬೇಸಿಗೆಗೆ ಮುಂಚೆ ಒಂದೂವರೆ ಅಡಿಗೆ ಕತ್ತರಿಸಿ, ಆ ಗರಿಯನ್ನು ಗಿಡಗಳ ಬುಡಕ್ಕೆ ಹೊದಿಸಿ. ತೇವವೂ ಉಳೀತದೆ, ನಿಂತ ಒಣ ಗರಿಗೆ ಕಿಡಿ ತಗುಲೋ ಭಯವೂ ಕಡಿಮೆ.

ವ್ಯಾಪಾರಸ್ಥರಿಗೂ ಒಂದು ಮಾತು. ಬೇರಿಗೆ ಗ್ರಂಥಿಗೆ ಅಂಗಡಿಯಲ್ಲಿ, ಅತ್ತರಿನವರಲ್ಲಿ ಗಿರಾಕಿ ಇದ್ದೇ ಇದೆ. ಆದರೆ ಬೇರು ಮಾರಬೇಕಾದ್ರೆ ಬುಡ ಅಗೀಬೇಕು. ಮಣ್ಣು ಹಿಡಿಯಲು ನೆಟ್ಟ ಸಾಲನ್ನು ಅಗೆದ್ರೆ ಮುಂದಿನ ಮಳೆಗೆ ಆ ಮಣ್ಣೇ ಹೋಗ್ತದೆ. ಬೇರಿಗೆ ಅಂತ ಸಪಾಟು ಜಾಗದಲ್ಲಿ ಬೇರೆ ಮಡಿ ಮಾಡಿ, ಅಂಗಳದ ಸಾಲನ್ನು ಮುಟ್ಟಬೇಡಿ. ಸಸಿ ಬೇಕಾದವರು ಲಾವಂಚ ಬೆಳೆದ ನೆಂಟರ ಮನೆಯಿಂದ ಒಂದು ಬುಡ ಕೇಳಿ ತನ್ನಿ. ಗಡಿಯ ಆಚೆ ಈಚೆ ನಮಗೆ ನೆಂಟರಿಗೇನೂ ಬರವಿಲ್ಲವಲ್ಲ.